ಹೈಡ್ರಾಲಿಕ್ ಪ್ರೆಸ್ಸಿನ ಎಣ್ಣೆ ಮಜ್ಜಿಗೆಯಂತೆ ಬೆಳ್ಳಗಾಗುತ್ತಿದೆ

ಪ್ರಶ್ನೆ: ಪ್ಲೈವುಡ್ ಅಂಟಿಸುವ ನಮ್ಮ ಪ್ರೆಸ್ಸಿನಲ್ಲಿ ಮೊದಲ ಒಂದು ಗಂಟೆ ಒತ್ತಡ ಸರಿಯಾಗಿಯೇ ಇರುತ್ತದೆ, ಆಮೇಲೆ ಪಂಪು ಗೊರಗುಟ್ಟತೊಡಗಿ, ಟ್ಯಾಂಕಿನ ಗಾಜಿನಲ್ಲಿ ಎಣ್ಣೆ ಮಜ್ಜಿಗೆಯಂತೆ ಕಾಣಿಸುತ್ತದೆ. ಎಣ್ಣೆ ಹಾಕಿ ಮೂರು ತಿಂಗಳೂ ಆಗಿಲ್ಲ. ಮತ್ತೆ ಬದಲಿಸಬೇಕೇ?

ಉತ್ತರ 1: ಅವಸರ ಬೇಡ. ಸ್ವಲ್ಪ ಎಣ್ಣೆಯನ್ನು ಗಾಜಿನ ಸೀಸೆಯಲ್ಲಿ ಹಿಡಿದು ಒಂದು ಗಂಟೆ ಅಲುಗಿಸದೆ ಇಡಿ. ತಳದಿಂದ ಮೇಲಕ್ಕೆ ತಿಳಿಯಾಗುತ್ತ ಬಂದರೆ ಅದು ಗಾಳಿ. ಮಸುಕಾಗಿಯೇ ಉಳಿದರೆ ಅಥವಾ ತಳದಲ್ಲಿ ಹನಿಗಳು ಸೇರಿದರೆ ನೀರು. ಸದ್ದಿನ ವಿವರಣೆ ನೋಡಿದರೆ ಗಾಳಿಯ ಮೇಲೆಯೇ ನನ್ನ ಅನುಮಾನ. ಎಣ್ಣೆಯ ಮಟ್ಟ, ಪಂಪಿಗೆ ಎಣ್ಣೆ ಹೀರುವ ಕೊಳವೆಯ ಕ್ಲ್ಯಾಂಪುಗಳು ಮತ್ತು ಶಾಫ್ಟಿನ ಸೀಲನ್ನು ಪರೀಕ್ಷಿಸಿ.

ಉತ್ತರ 2: ಮರಗೆಲಸದ ಯಂತ್ರಗಳಲ್ಲಿ ಹೆಚ್ಚಿನವರು ಮರೆಯುವುದು ಟ್ಯಾಂಕಿನ ಬ್ರೀದರ್ ಮುಚ್ಚಳವನ್ನು. ನುಣ್ಣನೆಯ ಮರದ ಹುಡಿ ಎಣ್ಣೆಯ ಪಸೆಗೆ ಅಂಟಿ ಅದು ಕಟ್ಟಿಕೊಂಡರೆ, ಸಿಲಿಂಡರಿಗೆ ಎಣ್ಣೆ ಹೋಗಿ ಟ್ಯಾಂಕಿನ ಮಟ್ಟ ಇಳಿಯುವಾಗ ಹೊರಗಿನ ಗಾಳಿ ಒಳಬರಲಾರದೆ, ಪಂಪು ಎಣ್ಣೆಯನ್ನು ಹೀರಲು ಒದ್ದಾಡುತ್ತದೆ. ಅಂದ ಹಾಗೆ, ಮೊಹರು ಒಡೆಯದ ಡಬ್ಬದ ಎಣ್ಣೆಯೂ ಸ್ವಚ್ಛವೆಂದು ನಂಬಬೇಡಿ. ಫಿಲ್ಟರಿನ ಮೂಲಕವೇ ತುಂಬಿಸಿ.

ಉತ್ತರ 3: ಏನನ್ನೇ ಸಡಿಲಿಸುವ ಮುನ್ನ ಮೋಟಾರಿನ ವಿದ್ಯುತ್ ಕಡಿದು, ಒತ್ತಡವನ್ನು ಪೂರ್ಣವಾಗಿ ಇಳಿಸಿ, ಮಾಪಕ ಸೊನ್ನೆ ತೋರಿಸುತ್ತಿದೆಯೇ ನೋಡಿ. ಸೋರಿಕೆಯನ್ನು ಕೈಯಾಡಿಸಿ ಹುಡುಕಬೇಡಿ, ರಟ್ಟಿನ ತುಂಡು ಹಿಡಿಯಿರಿ. ಸೂಜಿಮೊನೆಯಷ್ಟು ರಂಧ್ರದಿಂದ ಚಿಮ್ಮುವ ಎಣ್ಣೆ ಚರ್ಮವನ್ನು ತೂರಿ ಒಳಹೋಗಬಲ್ಲದು.

ಪ್ರಶ್ನೆ ಕೇಳಿದವರು: ಸೀಸೆಯ ಎಣ್ಣೆ ತಳದಿಂದಲೇ ತಿಳಿಯಾಯಿತು. ಹೀರು ಕೊಳವೆಯ ಕ್ಲ್ಯಾಂಪು ಅರ್ಧ ಸುತ್ತು ಸಡಿಲವಾಗಿತ್ತು.