ಬರೆಯ ಮೇಲಿನ ಬೆಳ್ಳಿ ಜರಿಗಿಡ: ಬಿಳಿ ಅಚ್ಚು ಅಳಿಯದಂತೆ ಉಳಿಸುವುದು ಹೇಗೆ?

ಬರೆಬದಿ:
ಮಳೆ ಹಿಡಿದ ಮೇಲೆ ಮಡಿಕೇರಿ ಸುತ್ತಿನ ರಸ್ತೆ ಬರೆಗಳಲ್ಲಿ, ಅಂದರೆ ಗುಡ್ಡ ಕಡಿದ ಬದಿಗಳಲ್ಲಿ, ಒಂದು ಜರಿಗಿಡ ಹುಲುಸಾಗಿ ಏಳುತ್ತದೆ. ಎಲೆಯ ಮೇಲ್ಭಾಗ ಹಸಿರು, ಅಡಿಭಾಗ ಸುಣ್ಣ ಬಳಿದಷ್ಟು ಬಿಳಿ. ಮಕ್ಕಳು ಅದನ್ನು ಮುಂಗೈ ಮೇಲಿಟ್ಟು ಒಂದೇಟು ಹಾಕಿ ಎತ್ತಿದರೆ ಇಡೀ ಎಲೆ ಹಚ್ಚೆಯಂತೆ ಮೂಡಿರುತ್ತದೆ. ಕಪ್ಪು ಚಾರ್ಟ್ ಕಾಗದದ ಮೇಲೆ ಇದೇ ಅಚ್ಚು ಇನ್ನೂ ಚೆಂದ. ಆದರೆ ಬೆರಳು ತಾಗಿದರೆ ಅಳಿಸಿಹೋಗುತ್ತದೆ. ಹೇರ್ ಸ್ಪ್ರೇ ಹೊಡೆದರೆ ಬಿಳಿ ಕಣ್ಣೆದುರೇ ಮಾಯವಾಗುತ್ತದೆ. ಯಾಕೆ ಹಾಗೆ? ಗೋಡೆಗೆ ಹಾಕುವಂತೆ ಉಳಿಸುವ ದಾರಿ ಯಾವುದು? ಇದೇ ಎಲೆಗಳಿಂದ ಬೇರೆ ಬಗೆಯ ಚಿತ್ರ ತೆಗೆಯಲು ಆಗುವುದಾದರೆ ಅದನ್ನೂ ತಿಳಿಸಿ.

ಜರಿತೊಪ್ಪು:
ಇದರ ಸಸ್ಯಶಾಸ್ತ್ರೀಯ ಹೆಸರು ಪಿಟಿರೋಗ್ರಾಮಾ ಕ್ಯಾಲೊಮೆಲಾನೋಸ್. ನಮ್ಮ ನೆಲದ್ದೇ ಅನ್ನಿಸುವಷ್ಟು ಹಬ್ಬಿದೆ, ಆದರೆ ಮೂಲ ಅಮೆರಿಕ ಖಂಡದ ಉಷ್ಣವಲಯ. ಹೊಸದಾಗಿ ಕಡಿದ ಮಣ್ಣು ಸಿಕ್ಕರೆ ಸಾಕು, ಬೇರೂರುತ್ತದೆ. ಅದಕ್ಕೇ ಬರೆಯಲ್ಲಿ ಅಷ್ಟು ಕಾಣುವುದು.

ಆ ಬಿಳಿ, ಬಣ್ಣವೂ ಅಲ್ಲ, ಬೀಜಕಣವೂ ಅಲ್ಲ. ಎಲೆಯಡಿಯ ಸೂಕ್ಷ್ಮ ಗ್ರಂಥಿಗಳು ಹೊರಹಾಕುವ ಫ್ಲೇವನಾಯ್ಡ್ ಎಂಬ ಸಸ್ಯ ರಾಸಾಯನಿಕದ ಪುಡಿ. ಒಂದೊಂದು ಕಣಕ್ಕೂ ಹೇಳಿಕೊಳ್ಳುವ ಬಣ್ಣವಿಲ್ಲ. ಪುಡಿಯ ನಡುವೆ ಗಾಳಿ ಇರುವುದರಿಂದ ಬೆಳಕು ಎಲ್ಲ ಕಡೆ ಚದುರಿ ಬೆಳ್ಳಗೆ ಕಾಣುತ್ತದೆ, ಕಲ್ಲುಸಕ್ಕರೆ ಕುಟ್ಟಿದರೆ ಬಿಳಿಯಾಗುವ ಹಾಗೆ. ಈ ಪುಡಿ ನೀರಿಗೆ ಜಗ್ಗುವುದಿಲ್ಲ, ಆಲ್ಕೋಹಾಲ್‌ನಲ್ಲಿ, ಅಸಿಟೋನ್‌ನಲ್ಲಿ ಕರಗುತ್ತದೆ. ಹೇರ್ ಸ್ಪ್ರೇಯಲ್ಲಿ ಬಹುಪಾಲು ಆಲ್ಕೋಹಾಲ್. ಪುಡಿ ಕರಗಿ ತೆಳು ಪೊರೆಯಾಗಿ ಒಣಗಿದರೆ ಬೆಳಕು ಚದುರಲು ಏನೂ ಉಳಿಯುವುದಿಲ್ಲ. ಅಚ್ಚು ಅಲ್ಲೇ ಇದೆ, ಕಾಣುವುದಿಲ್ಲ ಅಷ್ಟೆ. ವಾರ್ನಿಷ್ ಸ್ಪ್ರೇ ಹೊಡೆದರೂ ಇದೇ ಗತಿ.

ಉಳಿಸಲು ಎರಡು ದಾರಿ. ಮೊದಲನೆಯದು ಅಗಲವಾದ ಪಾರದರ್ಶಕ ಟೇಪ್, 2 ಇಂಚಿನ ಪ್ಯಾಕಿಂಗ್ ಟೇಪ್ ಆದೀತು. ಅಂಟಿನ ಮುಖ ಮೇಲೆ ಮಾಡಿ ಹಾಸಿ, ಎಲೆಯ ಬಿಳಿ ಮುಖವನ್ನು ಅದರ ಮೇಲಿಟ್ಟು ಒಮ್ಮೆ ಮಾತ್ರ ಒತ್ತಿ, ತೊಟ್ಟಿನ ಕಡೆಯಿಂದ ನಿಧಾನಕ್ಕೆ ಎತ್ತಿ, ಟೇಪನ್ನು ಕಪ್ಪು ಕಾಗದಕ್ಕೆ ಅಂಟಿಸಿ. ಬೆರಳಚ್ಚು ತೆಗೆಯುವ ಕ್ರಮವೇ ಇದು. ಅಂಟು ಕಣಗಳ ನಡುವಿನ ಗಾಳಿಯ ಜಾಗ ತುಂಬುವುದರಿಂದ ಬಿಳುಪು ಸ್ವಲ್ಪ ತಗ್ಗುತ್ತದೆ, ಅದಕ್ಕೆ ಪುಡಿ ದಟ್ಟವಾಗಿರುವ ಎಲೆಯನ್ನೇ ಆರಿಸಿ.

ಎರಡನೆಯದು, ನನ್ನ ಮಟ್ಟಿಗೆ ಇದೇ ಸರಿ: ಯಾವ ಅಂಟೂ ಇಲ್ಲದೆ ಫ್ರೇಮ್ ಹಾಕಿಸುವುದು. ಕಾಗದಕ್ಕೂ ಗಾಜಿಗೂ ನಡುವೆ 3 ಮಿಲಿಮೀಟರ್ ದಪ್ಪದ ಮೌಂಟ್ ಬೋರ್ಡ್ ಚೌಕಟ್ಟು ಇರಲೇಬೇಕು. ಗಾಜು ತಾಗಿದರೆ ಪುಡಿ ಗಾಜಿಗೆ ಹತ್ತುತ್ತದೆ. ಅಕ್ರಿಲಿಕ್ ಹಾಳೆ ಬೇಡ, ಒರೆಸಿದಾಗ ಹುಟ್ಟುವ ಸ್ಥಿರವಿದ್ಯುತ್ತು ಪುಡಿಯನ್ನು ಎಳೆದುಕೊಳ್ಳುತ್ತದೆ.

ಎಲೆ ಆರಿಸುವುದರಲ್ಲೇ ಅರ್ಧ ಕೆಲಸ ಮುಗಿಯುತ್ತದೆ. ಬಲಿತ ಎಲೆಯಲ್ಲಿ ನರಗಳ ಗುಂಟ ಕಂದು ಬೀಜಕಣಗಳು ತುಂಬಿ ಅಚ್ಚು ಕೊಳೆಯಾಗುತ್ತದೆ. ಪೂರ್ತಿ ಬಿಚ್ಚಿಕೊಂಡ ಎಳೆಯ ಎಲೆ ಬೇಕು, ಮಳೆ ನಿಂತು ಮೇಲ್ಮೈ ಆರಿದ ಮೇಲೆ ಕೊಯ್ಯಿರಿ. ಇನ್ನೊಂದು ಮಾತು. ಈ ಗಿಡ ಮಣ್ಣಿನಲ್ಲಿ ಆರ್ಸೆನಿಕ್ ಇದ್ದರೆ ಅದನ್ನು ಎಲೆಗಳಲ್ಲಿ ಕೂಡಿಟ್ಟುಕೊಳ್ಳುತ್ತದೆ, ಥಾಯ್ಲೆಂಡಿನ ಗಣಿ ಪ್ರದೇಶದಲ್ಲಿ ಇದನ್ನು ಕಂಡುಕೊಂಡಿದ್ದಾರೆ. ಮುಂಗೈ ಅಚ್ಚಿಗೆ ಭಯಪಡಬೇಕಿಲ್ಲ, ಆಟ ಮುಗಿದ ಮೇಲೆ ಮಕ್ಕಳ ಕೈ ತೊಳೆಸಿ. ಅಡುಗೆಗೆ ತೆರ್ಮೆ (ತಿನ್ನುವ ಜರಿಗಿಡ) ಕೊಯ್ಯುವಾಗ ಇದು ಬುಟ್ಟಿಗೆ ಸೇರದಿರಲಿ.

ಕಾಫಿಕಣ:
ಬೇರೆ ಬಗೆಯ ಚಿತ್ರ ಕೇಳಿದಿರಲ್ಲ, ಜರಿಗಿಡಕ್ಕೆ ಸಯನೋಟೈಪ್‌ನಷ್ಟು ಹೊಂದುವುದು ಇನ್ನೊಂದಿಲ್ಲ. ರಾಸಾಯನಿಕ ಬಳಿದ ಹಾಳೆಯ ಮೇಲೆ ಎಲೆ ಇಟ್ಟು ಬಿಸಿಲಿಗೊಡ್ಡಿದರೆ ಸುತ್ತ ನೀಲಿಯಾಗಿ, ಎಲೆಯ ಜಾಗ ಬಿಳಿಯಾಗಿ ಉಳಿಯುತ್ತದೆ. ಖಗೋಳ ವಿಜ್ಞಾನಿ ಜಾನ್ ಹರ್ಷೆಲ್ 1842ರಲ್ಲಿ ಕಂಡುಹಿಡಿದ ವಿಧಾನ. ಮರುವರ್ಷವೇ ಇಂಗ್ಲೆಂಡಿನ ಸಸ್ಯಶಾಸ್ತ್ರಜ್ಞೆ ಅನ್ನಾ ಅಟ್ಕಿನ್ಸ್ ಕಡಲಪಾಚಿಗಳ ಅಚ್ಚು ತೆಗೆಯತೊಡಗಿದರು, 1850ರ ದಶಕದಲ್ಲಿ ಜರಿಗಿಡಗಳದ್ದೂ ತೆಗೆದರು. ಎಂಜಿನಿಯರುಗಳ 'ಬ್ಲೂಪ್ರಿಂಟ್' ಹುಟ್ಟಿದ್ದು ಇದರಿಂದಲೇ.

ಫೆರಿಕ್ ಅಮೋನಿಯಂ ಸಿಟ್ರೇಟ್ (ಹಸಿರು ಬಗೆ) 5 ಗ್ರಾಂ, 20 ಮಿಲಿ ನೀರಿಗೆ. ಪೊಟ್ಯಾಸಿಯಂ ಫೆರಿಸಯನೈಡ್ 2 ಗ್ರಾಂ, ಇನ್ನೊಂದು 20 ಮಿಲಿ ನೀರಿಗೆ. ಬೇರೆ ಬೇರೆ ಕಂದು ಬಾಟಲಿಗಳಲ್ಲಿಡಿ, ಬಳಿಯುವ ಹೊತ್ತಿಗೆ ಸಮಸಮ ಬೆರೆಸಿ. ಎ4 ಹಾಳೆಗೆ 4ರಿಂದ 5 ಮಿಲಿ ಸಾಕು. ಮಸಕು ಬಲ್ಬಿನ ಬೆಳಕಿನಲ್ಲಿ, ಲೋಹದ ಪಟ್ಟಿ ಇಲ್ಲದ ಬ್ರಷ್‌ನಿಂದ ಬಳಿದು ಕತ್ತಲಲ್ಲಿ ಒಣಗಿಸಿ. ಫೆರಿಸಯನೈಡ್ ಹತ್ತಿರ ಟಾಯ್ಲೆಟ್ ಕ್ಲೀನರ್‌ನಂಥ ಪ್ರಬಲ ಆಮ್ಲ ಸುಳಿಯಬಾರದು, ವಿಷಾನಿಲ ಏಳುತ್ತದೆ. ಕೈಗವಸು ಹಾಕಿಕೊಳ್ಳಿ.

ನಮ್ಮ ಊರಲ್ಲಿ ಕೈಕೊಡುವುದು ತೇವ. ಸಿಟ್ರೇಟ್ ದ್ರಾವಣಕ್ಕೆ ಬೂಷ್ಟು ಬೇಗ ಹಿಡಿಯುತ್ತದೆ, ಅದಕ್ಕೇ ಸ್ವಲ್ಪ ಸ್ವಲ್ಪವೇ ಮಾಡಿಕೊಳ್ಳಿ. ಬಳಿದ ಹಾಳೆ ತೇವ ಎಳೆದುಕೊಂಡರೆ ಬಿಸಿಲು ಕಾಣುವ ಮೊದಲೇ ನೀಲಿಗೆ ತಿರುಗಿ, ತೊಳೆದ ಮೇಲೆ ಬಿಳಿ ಜಾಗ ಬಿಳಿಯಾಗಿ ಬರುವುದಿಲ್ಲ. ಸಿಲಿಕಾ ಜೆಲ್ ಹಾಕಿದ ಬಿಗಿ ಮುಚ್ಚಳದ ಡಬ್ಬಿಯಲ್ಲಿಟ್ಟು ಒಂದೆರಡು ದಿನದಲ್ಲಿ ಮುಗಿಸಿ. ಎಲೆಯೂ ಹಸಿ ಇರಬಾರದು. ಪತ್ರಿಕೆಗಳ ನಡುವೆ ಭಾರ ಹೇರಿ 3 ದಿನ ಒತ್ತಿ, ಮಳೆಗಾಲದಲ್ಲಿ ದಿನಾ ಪತ್ರಿಕೆ ಬದಲಾಯಿಸಿ. ಬೆಳ್ಳಿ ಜರಿಯಾದರೆ ಪುಡಿಯನ್ನು ಮೃದು ಬ್ರಷ್‌ನಿಂದ ಒರೆಸಿಬಿಡಿ, ಇಲ್ಲದಿದ್ದರೆ ಅದು ಹಾಳೆಗೆ ಇಳಿಯುತ್ತದೆ.

ಹಲಗೆ, ಹಾಳೆ, ಎಲೆ, ಮೇಲೆ ಗಾಜು, ನಾಲ್ಕೂ ಕಡೆ ಕ್ಲಿಪ್. ಕಾಫಿ ಒಣಗಿಸುವ ಕಣದಷ್ಟು ಒಳ್ಳೆಯ ಜಾಗ ಇಲ್ಲ, ಸಿಲ್ವರ್ ಓಕ್ ನೆರಳು ಬೀಳದಿದ್ದರೆ ಸಾಕು. ಜನವರಿಯ ನಡುಮಧ್ಯಾಹ್ನದ ಬಿಸಿಲಿಗೆ 10ರಿಂದ 20 ನಿಮಿಷ. ಮೋಡವಿದ್ದರೆ ಒಂದು ಗಂಟೆಯೂ ಆದೀತು. ಗಡಿಯಾರಕ್ಕಿಂತ ಬಣ್ಣ ನೋಡಿ: ಎಲೆಯ ಹೊರಗಿನ ಭಾಗ ಹಳದಿ ಹಸಿರಿನಿಂದ ನೀಲಿಗೆ ಹೋಗಿ, ಅದನ್ನೂ ದಾಟಿ ಬೂದುಗಂಚಿನ ಬಣ್ಣಕ್ಕೆ ಬರಬೇಕು. ಬರೀ ನೀಲಿಯಾದಾಗಲೇ ತೆಗೆದರೆ ತೊಳೆಯುವಾಗ ಅರ್ಧ ಬಣ್ಣ ನೀರುಪಾಲು. ಆಮೇಲೆ ಹಳದಿ ಪೂರ್ತಿ ಬಿಡುವವರೆಗೆ 5–10 ನಿಮಿಷ ತೊಳೆಯಿರಿ. ಹಿಡಿದಿಟ್ಟ ಮಳೆನೀರು ಇದಕ್ಕೆ ಬಹಳ ಒಳ್ಳೆಯದು, ಗಡಸು ನೀರಿನ ಕ್ಷಾರ ನೀಲಿಯನ್ನು ತಿನ್ನುತ್ತದೆ.

ಬರೆಬದಿ:
ಜರಿತೊಪ್ಪು ಅಕ್ಕಾ, ಟೇಪ್ ಅಚ್ಚು ಚೆನ್ನಾಗಿ ಬಂತು, ಬಹಳ ಉಪಕಾರ. ಕಾಫಿಕಣ ಅಣ್ಣ, ನೀಲಿ ಬದಲು ಕಪ್ಪು ಕಂದು ಬರುವಂತೆ ಕಾಫಿಯಿಂದಲೇ ಮಾಡಬಹುದು ಎಂದು ಓದಿದ್ದೇನೆ. ನಿಜವೇ?

ಕಾಫಿಕಣ:
ನಿಜ. ಆದರೆ ಎರಡು ಹಂತ. ಚೆನ್ನಾಗಿ ತೊಳೆದು ಒಂದು ದಿನ ಒಣಗಿದ ಅಚ್ಚನ್ನು, 1 ಲೀಟರ್ ನೀರಿಗೆ ಒಂದು ಟೀ ಚಮಚ ವಾಷಿಂಗ್ ಸೋಡಾ ಕದಡಿದ ನೀರಿನಲ್ಲಿ ಅದ್ದಿ. ನೀಲಿ ನೇರಳೆಯಾಗಿ, ಮಸುಕಾಗಿ, ಹಳದಿಗೆ ಇಳಿಯುತ್ತದೆ. ಗಾಬರಿ ಬೇಡ, ನೀಲಿಯಲ್ಲಿದ್ದ ಕಬ್ಬಿಣ ಹಾಳೆಯಲ್ಲೇ ಇದೆ. ಸೋಡಾ ಹೋಗುವಂತೆ ತೊಳೆದು, ಆರಿದ ಗಟ್ಟಿ ಡಿಕಾಕ್ಷನ್‌ನಲ್ಲಿ ಅರ್ಧ ಗಂಟೆಯಿಂದ ಒಂದು ಗಂಟೆ ಬಿಡಿ. ಅರ್ಧ ಲೀಟರ್ ನೀರಿಗೆ 4 ದೊಡ್ಡ ಚಮಚ ಪುಡಿ, ಚಿಕೋರಿ ಬೆರೆಸದ್ದು. ಟ್ಯಾನಿನ್ ಜಾತಿಯ ಅಂಶಗಳು ಕಬ್ಬಿಣದೊಡನೆ ಕೂಡಿ ಕಪ್ಪಾಗುತ್ತವೆ. ಅನ್ನಭೇದಿಗೆ (ಕಬ್ಬಿಣದ ಲವಣ) ಅಳಲೆಕಾಯಿ ಕಷಾಯ ಸೇರಿಸಿ ಮಸಿ ಮಾಡುತ್ತಿದ್ದುದೂ ಇದೇ ಲೆಕ್ಕ. ಪೂರ್ತಿ ಹಳದಿಯಾಗುವ ಮೊದಲೇ ಸೋಡಾದಿಂದ ಎತ್ತಿದರೆ ನೀಲಿ ಕಪ್ಪು ಎರಡೂ ಬೆರೆತು ನಿಲ್ಲುತ್ತವೆ, ಜರಿಗಿಡಕ್ಕೆ ಅದೇ ಚೆಂದ. ಕಾಫಿ ಕಾಗದವನ್ನೂ ಕಂದಾಗಿಸುತ್ತದೆ. ಬಿಳಿ ಬಿಳಿಯಾಗಿಯೇ ಬೇಕಾದರೆ ಗ್ರೀನ್ ಟೀ ಹಾಕಿ.

ಜರಿತೊಪ್ಪು:
ನೀಲಿ ಅಚ್ಚನ್ನು ಸುಣ್ಣ ಬಳಿದ ಗೋಡೆಗೆ ನೇರ ತಾಗುವಂತೆ ತೂಗುಹಾಕಬೇಡಿ. ಮಳೆಗಾಲದ ತೇವದೊಂದಿಗೆ ಸುಣ್ಣದ ಕ್ಷಾರ ಹಾಳೆಗೆ ಏರಿದರೆ, ಮೇಲೆ ಹೇಳಿದ ವಾಷಿಂಗ್ ಸೋಡಾ ಕೆಲಸ ಅಲ್ಲೇ ಶುರುವಾಗುತ್ತದೆ. ಫ್ರೇಮಿನ ಹಿಂದೆ ನಾಲ್ಕು ಮೂಲೆಗೂ ಬಿರಡೆ ತುಂಡು ಅಂಟಿಸಿ ಗಾಳಿಯಾಡಲು ಬಿಡಿ. ಬಿಸಿಲಿಗೆ ಮಸುಕಾದ ನೀಲಿಯಾದರೆ ಚಿಂತೆಯಿಲ್ಲ. ಫ್ರೇಮಿನಿಂದ ತೆಗೆದು ಗಾಳಿ ಇರುವ ಕತ್ತಲ ಕಪಾಟಿನಲ್ಲಿ ಕೆಲವು ದಿನ ಇಟ್ಟರೆ ಬಣ್ಣ ತಾನಾಗಿ ಮರಳುತ್ತದೆ.