ಅಡಿಕೆ ಬೆಳೆಗಾರರ ವಾಟ್ಸಾಪ್ ಗುಂಪು ನಡೆಸೋಕೆ ಏನೇನು ಗೊತ್ತಿರಬೇಕು?

ಕೊನೆಗೌಡ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ಕಡೆಯವನು. ನಮ್ಮ ಹೋಬಳಿಯ ಅಡಿಕೆ ಬೆಳೆಗಾರರದ್ದು ಒಂದು ವಾಟ್ಸಾಪ್ ಗುಂಪಿದೆ, 430 ಜನ. ಇಷ್ಟು ದಿನ ನಮ್ಮ ಮಾವ ನೋಡಿಕೊಳ್ಳುತ್ತಿದ್ದರು. ಕಣ್ಣಿನ ಆಪರೇಷನ್ ಆಯ್ತು, 'ಇನ್ನು ನೀನೇ ನೋಡ್ಕೋ' ಅಂತ ನನ್ನನ್ನು ಅಡ್ಮಿನ್ ಮಾಡಿ ಆರಾಮಾಗಿ ಕೂತಿದ್ದಾರೆ.

ನಾನು ಬೆಂಗಳೂರಿನ ಕೆಲಸ ಬಿಟ್ಟು ತೋಟಕ್ಕೆ ಬಂದು ಎರಡು ವರ್ಷ. ಕಂಪ್ಯೂಟರ್ ಗೊತ್ತು, ತೋಟ ಅರ್ಧಂಬರ್ಧ ಗೊತ್ತು. ಒಂದೇ ವಾರಕ್ಕೆ ಸಾಕುಸಾಕಾಗಿದೆ. ಬೆಳಿಗ್ಗೆ ಐದಕ್ಕೆ ಶುಭೋದಯ ಶುರು. ಆಮೇಲೆ ರಾಜಕೀಯ. ನಡುವೆ ಯಾರೋ ಪಾಪ ಎಲೆಚುಕ್ಕೆ ರೋಗದ ಫೋಟೋ ಹಾಕಿ ಏನು ಮಾಡಲಿ ಅಂತ ಕೇಳಿದರೆ ಅದು ಎಲ್ಲೋ ಮುಳುಗಿಹೋಗುತ್ತೆ.

ಇದಕ್ಕೆ ಏನು ಕಲೀಬೇಕು? ನಿಯಮ ಬರೆದು ಹಾಕಲಾ? ಒಂದು ಬಾಟ್ ಮಾಡಿ ಬಿಡಲಾ?

ತೋಟದ ಬೇಲಿ:

ಸೆಟ್ಟಿಂಗ್ಸ್‌ಗೆ ಹೋಗಿ ಅಡ್ಮಿನ್ ಮಾತ್ರ ಮೆಸೇಜ್ ಹಾಕೋ ಹಾಗೆ ಮಾಡಿ. ನಮ್ಮಲ್ಲಿ ಮಾಡಿದೆವು. ಈಗ ಪೂರ್ತಿ ಶಾಂತಿ.

ಶರಾವತಿ ದಂಡೆ:

ಬೇಲಿಯವರೇ, ಶಾಂತಿ ಫೋನ್ ಆಫ್ ಮಾಡಿದರೂ ಸಿಗುತ್ತೆ ಅಲ್ವಾ?

ಕೊನೆಗೌಡರೇ, ಸಾಗರದ ಕಡೆ ಇಂಥದ್ದೇ ಒಂದು ಗುಂಪನ್ನು 2017ರಿಂದ ನಡೆಸುತ್ತಿದ್ದೇನೆ. ಆಗ ಒಂದು ಗುಂಪಿಗೆ 256 ಜನ ಮಾತ್ರ. ಅದು ತುಂಬಿದ ಮೇಲೆ ಎರಡನೇ ಗುಂಪು ಮಾಡಿದೆ. ಇಲ್ಲಿ ಕೇಳಿದ್ದನ್ನು ಅಲ್ಲಿಗೆ, ಅಲ್ಲಿ ಹೇಳಿದ್ದನ್ನು ಇಲ್ಲಿಗೆ ದಾಟಿಸೋದೇ ಕೆಲಸ. 2022ರಲ್ಲಿ ಮಿತಿ ಮೊದಲು 512, ಆಮೇಲೆ 1024 ಆಯ್ತು. ಎರಡನ್ನೂ ಕೂಡಿಸಿದೆ. ಪಾಲಾಗಿದ್ದ ಮನೆ ಮತ್ತೆ ಒಂದಾದ ಹಾಗೆ. ಜಗಳವೂ ಒಂದೇ ಕಡೆ ಸಿಗುತ್ತೆ ಈಗ.

ಬಾಟ್ ಆಮೇಲೆ ನೋಡಿ. ಮೊದಲು 200 ಪುಟದ ಒಂದು ನೋಟ್‌ಬುಕ್ ತಗೊಳ್ಳಿ. ನಗಬೇಡಿ. ಗುಂಪಿನಲ್ಲಿ ಹಳೇದನ್ನು ಹುಡುಕೋಕೆ ಹೋಗಿ ಗೊತ್ತಾಗುತ್ತೆ. ಒಬ್ಬರು ಅಡಿಕೆ ಅಂತ ಬರೀತಾರೆ, ಒಬ್ಬರು ಅಡಕೆ. ಹುಡುಗರು ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಕುಟ್ಟುತ್ತಾರೆ. ಇನ್ನೊಬ್ಬರು ಮೂರು ನಿಮಿಷ ವಾಯ್ಸ್ ಕಳಿಸ್ತಾರೆ, ಅದರಲ್ಲಿ ಅವರಿಗಿಂತ ಹಿಂದೆ ಕೂಗೋ ಕೋಳಿ ಜಾಸ್ತಿ ಕೇಳುತ್ತೆ. ನಾನು ಗೆರೆ ಎಳೆದು ಬರೆದಿಡುತ್ತೇನೆ: ತಾರೀಕು, ಯಾರು ಕೇಳಿದ್ದು, ಏನು ತೊಂದರೆ, ಯಾರು ಏನು ಹೇಳಿದ್ದು, ಕೊನೆಗೆ ಏನಾಯ್ತು. ಈ 'ಏನಾಯ್ತು' ಅನ್ನೋ ಕಾಲಂ ತಾನಾಗಿ ತುಂಬೋದಿಲ್ಲ. ಹದಿನೈದು ದಿನ ಬಿಟ್ಟು ನಾನೇ ಕೆದಕಬೇಕು, 'ಔಷಧಿ ಹೊಡೆದ್ರಲ್ಲ, ಹತೋಟಿಗೆ ಬಂತಾ?' ಅಂತ. ಇದರಲ್ಲಿ ನಿಮಗೆ ಕುತೂಹಲ ಇದ್ದರೆ ಅಡ್ಮಿನ್ ಕೆಲಸ ಆಗುತ್ತೆ. ಇಲ್ಲದಿದ್ದರೆ ಬರೀ ಕಸ ಗುಡಿಸಿದ ಹಾಗೆ ಆಗುತ್ತೆ.

ಒಂದು ಸಲದ ಕಥೆ ಹೇಳ್ತೀನಿ. ಮಳೆ ಹಿಡಿಯೋಕೆ ಮುಂಚೆ, ಎಲ್ಲರೂ ಕೊಳೆರೋಗಕ್ಕೆ ಔಷಧಿ ಹೊಡೆಯೋ ಗಡಿಬಿಡಿಯಲ್ಲಿದ್ದರು. ರಾತ್ರಿ ಒಂಬತ್ತಕ್ಕೆ ಹೊಸಬನೊಬ್ಬ ಬೋರ್ಡೋ ದ್ರಾವಣದ ಲೆಕ್ಕ ಕೇಳಿದ. ಗುಂಪಿನ ಹಿರಿಯರೊಬ್ಬರು ತಕ್ಷಣ ಉತ್ತರ ಹಾಕಿದರು. 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, 10 ಲೀಟರ್ ನೀರು. ಒಂದು ಸೊನ್ನೆ ಬಿಟ್ಟುಹೋಗಿದೆ! 100 ಲೀಟರ್ ಆಗಬೇಕು. ಹಿರಿಯರು ಹೇಳಿದ್ದು ಅಂತ ಹನ್ನೆರಡು ಜನ ಹೆಬ್ಬೆರಳು ಬೇರೆ ಒತ್ತಿದ್ದಾರೆ.

ಅಳಿಸೋಕೆ ಒಂದು ಕ್ಷಣ ಸಾಕು. ಆದರೆ ಅಡ್ಮಿನ್ ಅಳಿಸಿದ್ದು ಅಂತ ಎಲ್ಲರಿಗೂ ಕಾಣುತ್ತೆ. ನಲವತ್ತು ವರ್ಷ ಔಷಧಿ ಹೊಡೆಸಿದವರು ಅವರು. ಫೋನ್ ಮಾಡಿದೆ. 'ದೊಡ್ಡಪ್ಪ, ನೀವು ಮೈಲುತುತ್ತ ಕದಡೋ ಡ್ರಮ್ಮು ಎಷ್ಟು ಲೀಟರಿಂದು?'

'ನೂರರದ್ದಲ್ಲನೇ ಮಾರಾಯ್ತಿ, ಯಾಕೆ?' ಅಂದರು. ಸ್ವಲ್ಪ ಹೊತ್ತು ಮಾತಿಲ್ಲ. 'ಅಯ್ಯಯ್ಯೋ, ತಡಿ ತಡಿ' ಅಂತ ಫೋನ್ ಇಟ್ಟರು.

ಐದು ನಿಮಿಷಕ್ಕೆ ತಮ್ಮ ಮೆಸೇಜನ್ನು ತಾವೇ ಅಳಿಸಿ ಹೊಸದಾಗಿ ಬರೆದರು. ಅದೂ ಪೂರ್ತಿ ಕ್ರಮ. ಪ್ಲಾಸ್ಟಿಕ್ ಡ್ರಮ್ಮೇ ಆಗಬೇಕು, ಕಬ್ಬಿಣದ್ದು ಬೇಡ. 50 ಲೀಟರಿನಲ್ಲಿ ಮೈಲುತುತ್ತ, ಇನ್ನು 50ರಲ್ಲಿ ಸುಣ್ಣ. ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಹಾಕುತ್ತಾ ಕದಡಬೇಕು. ಆಮೇಲೆ ಚಾಕು ಅದ್ದಿ ಒಂದು ನಿಮಿಷ ಬಿಟ್ಟು ನೋಡಿ, ಅಲಗಿಗೆ ಕೆಂಪು ಹತ್ತಿದರೆ ಇನ್ನಷ್ಟು ಸುಣ್ಣ ಬೇಕು. ಮಾಡಿದ ದಿನವೇ ಹೊಡೆದು ಮುಗಿಸಿ. ನಾನೇ ತಿದ್ದಿದ್ದರೆ ಒಂದು ಸೊನ್ನೆ ಸೇರಿಸಿ ಸುಮ್ಮನಾಗುತ್ತಿದ್ದೆ. ಆ ಚಾಕುವಿನ ವಿಷಯ ನನಗೆ ಗೊತ್ತೇ ಇರಲಿಲ್ಲ. ಆ ಮೆಸೇಜನ್ನು ಈಗ ಪ್ರತಿ ವರ್ಷ ಮೇ ಕೊನೆಗೆ ಮೇಲೆ ಪಿನ್ ಮಾಡ್ತೀನಿ.

ನಿಯಮ ಬರೆಯಿರಿ, ಆದರೆ ಹತ್ತು ಹದಿನೈದು ಬೇಡ. ನಾನು ಕಟ್ಟುನಿಟ್ಟಾಗಿರೋದು ಧಾರಣೆ ವಿಷಯಕ್ಕೆ ಮಾತ್ರ. ತಾರೀಕು, ಯಾವ ಮಾರುಕಟ್ಟೆ, ಅಡಿಕೆ ಯಾವ ಬಗೆ (ರಾಶಿಯೋ ಬೆಟ್ಟೆಯೋ ಚಾಲಿಯೋ), ಮೂರೂ ಇರಬೇಕು. ಇಲ್ಲದಿದ್ದರೆ ನಮ್ಮ ಯಜಮಾನರು ಹಾಕಿದ್ದರೂ ಅಳಿಸ್ತೀನಿ. ಹಿಂದಿನ ವರ್ಷದ ಧಾರಣೆಯ ಫೋಟೋ ನೋಡಿ ಒಬ್ಬರು ಚೀಲ ತುಂಬಿಸಿ ಪಿಕಪ್ ಬಾಡಿಗೆಗೆ ಹೇಳಿಬಿಟ್ಟಿದ್ದರು.

ಶುಭೋದಯಕ್ಕೆ ಮದ್ದಿಲ್ಲ ಅಂದುಕೊಂಡಿದ್ದೆ. ಆದರೆ ನಮ್ಮಲ್ಲಿ ದಿನಾ ಗುಲಾಬಿ ಹೂವು ಕಳಿಸೋರ ಮನೆ ಅಂಗಳದಲ್ಲಿ ಮಳೆ ಅಳೆಯೋ ಡಬ್ಬ ಇದೆ ಅಂತ ಗೊತ್ತಾಯ್ತು. 'ಹೂವಿನ ಜೊತೆ ನಿನ್ನೆ ಎಷ್ಟು ಮಿಲಿಮೀಟರ್ ಬಂತು ಅಂತಲೂ ಹಾಕಿ' ಅಂದೆ. ಈಗ ಮಳೆಗಾಲದಲ್ಲಿ ಹನ್ನೊಂದು ಊರಿನ ಲೆಕ್ಕ ಬರುತ್ತೆ. ಗುಲಾಬಿ ಇನ್ನೂ ಇದೆ, ಅದರ ಕೆಳಗೆ '64 ಮಿ.ಮೀ.' ಅಂತ ಇರುತ್ತೆ.

ತೋಟ ಅರ್ಧಂಬರ್ಧ ಗೊತ್ತು ಅಂದ್ರಲ್ಲ, ಅದು ಒಳ್ಳೇದೇ. ಎಲ್ಲ ಗೊತ್ತಿರೋರು ಅಡ್ಮಿನ್ ಆದರೆ ಉಳಿದವರು ಬಾಯೇ ಬಿಡಲ್ಲ.

ಕರಿಕೋಟು:

ಅಕ್ಕ ಎಲ್ಲ ಹೇಳಿದ್ದಾರೆ. ಒಂದೇ ಸೇರಿಸ್ತೀನಿ, ಯಾಕಂದ್ರೆ ಹೊಸ ಅಡ್ಮಿನ್‌ಗಳು ಇದಕ್ಕೇ ಜಾಸ್ತಿ ಹೆದರೋದು. ಸದಸ್ಯರು ಏನೋ ಹಾಕಿದರು ಅನ್ನೋ ಒಂದೇ ಕಾರಣಕ್ಕೆ ಅಡ್ಮಿನ್ ತಪ್ಪಿತಸ್ಥ ಆಗಲ್ಲ. ಬಾಂಬೆ ಹೈಕೋರ್ಟಿನ ನಾಗಪುರ ಪೀಠ 2021ರಲ್ಲಿ, ಕೇರಳ ಹೈಕೋರ್ಟ್ 2022ರಲ್ಲಿ ಹೀಗೆ ಹೇಳಿವೆ. ಹಾಗಂತ ಕೆಟ್ಟದ್ದು ಕಣ್ಣಿಗೆ ಬಿದ್ದರೂ ಬಿಟ್ಟು ಕೂರಬೇಡಿ, ಅದಕ್ಕೆ ನಗೋ ಮುಖ ಒತ್ತೋದಂತೂ ಬೇಡವೇ ಬೇಡ.

ತೋಟದ ಬೇಲಿ:

ಶರಾವತಿಯವರೇ, ನಮ್ಮ ಗುಂಪಿನಲ್ಲಿ ಕಳೆದ ತಿಂಗಳು ಒಟ್ಟು ಮೂರೇ ಮೆಸೇಜ್. ಮೂರೂ ನಂದೇ. ಇವತ್ತು ರಾತ್ರಿ ಗುಂಪನ್ನು ಮತ್ತೆ ಎಲ್ಲರಿಗೂ ತೆರೆದು ನೋಡ್ತೀನಿ.

ಕೊನೆಗೌಡ:

ಅಕ್ಕಾ, ನೋಟ್‌ಬುಕ್ ತಂದೆ. ಯಾರಿಗೆ ಯಾವುದಕ್ಕೆ ಫೋನ್ ಮಾಡಬೇಕು ಅಂತ ಮಾವನನ್ನೇ ಕೇಳಿದೆ. ಕಪ್ಪು ಕನ್ನಡಕ ಹಾಕಿಕೊಂಡು ಈಸಿ ಚೇರಿನಲ್ಲಿ ಕೂತಲ್ಲೇ 31 ಜನರನ್ನು ಹೇಳಿದರು. ಯಾರು ಹಳದಿ ಎಲೆ ರೋಗ ಕಂಡು ಹಿಡಿಯೋದರಲ್ಲಿ ಗಟ್ಟಿ, ಯಾರಿಗೆ ಸುಲಿಯೋ ಮೆಷಿನ್ ರಿಪೇರಿ ಬರುತ್ತೆ, ಯಾರ್ಯಾರ ನಡುವೆ ಗಡಿ ತಕರಾರಿದೆ, ಹಾಗಾಗಿ ಒಬ್ಬರ ಪ್ರಶ್ನೆಗೆ ಇನ್ನೊಬ್ಬರನ್ನು ಕರೀಬಾರದು ಅಂತ. ನಾಲ್ಕು ಪುಟ ಆಯ್ತು.

ಒಂದು ಕಷ್ಟ ಇದೆ. ಡಾಕ್ಟರ್ ಫೋನ್ ನೋಡಬೇಡಿ ಅಂದಿದ್ದಾರೆ, ಆದರೂ ಬೆಳಿಗ್ಗೆ ಐದರ ಮೊದಲ ಶುಭೋದಯ ಮಾವನದ್ದೇ. ನಮ್ಮ ಮನೆಯಲ್ಲಿ ಮಳೆ ಡಬ್ಬ ಇಲ್ಲ.

ಶರಾವತಿ ದಂಡೆ:

ತಂದು ಕೊಡಿ. ಮರದ ಕೆಳಗೆ, ಮಾಡಿನ ಹತ್ತಿರ ಇಡಬೇಡಿ, ಬಯಲಲ್ಲಿ ಇಡಿ. ಅಳತೆ ಮಾತ್ರ ಕಣ್ಣು ವಾಸಿಯಾಗೋವರೆಗೆ ನೀವೇ ಓದಿ ಹೇಳಿ.