ಆಪ್ಟ್ ಅಪ್‌ಗ್ರೇಡ್‌ನಲ್ಲಿ ಕೆಲವು ಪ್ಯಾಕೇಜ್ 'ಕೆಪ್ಟ್ ಬ್ಯಾಕ್': ಒತ್ತಾಯ ಮಾಡಬಹುದಾ?

ಕೋಥ್ರೂಡ್_ಕನ್ನಡಿಗ:
ನಮಸ್ಕಾರ. ಪುಣೆಯ ಒಂದು ಚಿಕ್ಕ ಆಫೀಸಿನ ಸರ್ವರ್. ಉಬುಂಟು 22.04 (ಲಿನಕ್ಸ್), ಮೇಲೆ ವೆಬ್ ಸರ್ವರ್ ಎಂಜಿನ್‌ಎಕ್ಸ್ ಮತ್ತು ಡೇಟಾಬೇಸ್ ಪೋಸ್ಟ್‌ಗ್ರೆಸ್ 14. ಪ್ಯಾಕೇಜ್‌ಗಳನ್ನು ಹೊಸದು ಮಾಡಲು 'ಸುಡೊ ಆಪ್ಟ್-ಗೆಟ್ ಅಪ್‌ಗ್ರೇಡ್' ಕೊಟ್ಟರೆ ಕರ್ನಲ್ (ವ್ಯವಸ್ಥೆಯ ತಿರುಳು) ಸೇರಿ ಏಳು ಪ್ಯಾಕೇಜ್ 'ಕೆಪ್ಟ್ ಬ್ಯಾಕ್', ಅಂದರೆ ಸದ್ಯಕ್ಕೆ ತಡೆಹಿಡಿದಿದೆ ಅಂತ ಬರುತ್ತಿದೆ. 'ಫುಲ್-ಅಪ್‌ಗ್ರೇಡ್' ಕೊಟ್ಟು ಮುಗಿಸಿಬಿಡಲಾ? ಗುರುವಾರ ಇಲ್ಲಿ ದುರಸ್ತಿಗೆ ಅಂತ ಕರೆಂಟ್ ತೆಗೆಯುವುದುಂಟು, ಅಷ್ಟರೊಳಗೆ ಆಗಬೇಕು.

ಠಾಣೆ_ಟರ್ಮಿನಲ್:
ಬೇಡ, ತಡೀರಿ. ಅದು ಎರರ್ ಅಲ್ಲ. ಎರಡು ಬೇರೆ ಕಾರಣಗಳು ಒಂದೇ ಸಾಲಿನಲ್ಲಿ ಬಂದಿರಬಹುದು.

ಕರ್ನಲ್‌ನದು ಸುಲಭ. ಹೊಸ ಕರ್ನಲ್ ಬರುವುದು ಹೊಸ ಹೆಸರಿನ ಪ್ಯಾಕೇಜ್ ಆಗಿ. 'ಆಪ್ಟ್-ಗೆಟ್ ಅಪ್‌ಗ್ರೇಡ್' ಹೊಸ ಪ್ಯಾಕೇಜ್ ಸೇರಿಸುವುದಿಲ್ಲ. 'ಆಪ್ಟ್ ಅಪ್‌ಗ್ರೇಡ್' ಸೇರಿಸುತ್ತದೆ, ಆದರೆ ಏನನ್ನೂ ತೆಗೆಯುವುದಿಲ್ಲ. 'ಫುಲ್-ಅಪ್‌ಗ್ರೇಡ್' ಅಗತ್ಯ ಬಿದ್ದರೆ ತೆಗೆದೂ ಹಾಕುತ್ತದೆ, ಅಪಾಯ ಇರುವುದು ಅಲ್ಲೇ.

ಉಳಿದವು ಫೇಸ್ಡ್ ಅಪ್‌ಡೇಟ್ ಇರಬಹುದು. ಉಬುಂಟು ಹೊಸ ಆವೃತ್ತಿಯನ್ನು ಎಲ್ಲ ಯಂತ್ರಗಳಿಗೂ ಒಟ್ಟಿಗೆ ಬಿಡುವುದಿಲ್ಲ, ಶೇಕಡಾವಾರು ಹೆಚ್ಚಿಸುತ್ತಾ ಹೋಗುತ್ತದೆ. 'ಆಪ್ಟ್ ಪಾಲಿಸಿ' ಜೊತೆ ಪ್ಯಾಕೇಜ್ ಹೆಸರು ಕೊಡಿ. ಆವೃತ್ತಿಯ ಪಕ್ಕ 'ಫೇಸ್ಡ್ 20%' ಅಂತೇನಾದರೂ ಕಂಡರೆ ಕೆಲವು ದಿನ ಸುಮ್ಮನಿರಿ, ತಾನೇ ಬರುತ್ತದೆ. ಸೆಕ್ಯುರಿಟಿ ಅಪ್‌ಡೇಟ್‌ಗಳಿಗೆ ಈ ಕಾಯುವಿಕೆ ಇಲ್ಲ.

ಕೋಥ್ರೂಡ್_ಕನ್ನಡಿಗ:
ಥ್ಯಾಂಕ್ಸ್ ಸರ್. ಹಾಗಾದರೆ ಯಾವ ಕ್ರಮದಲ್ಲಿ ಮಾಡಲಿ? ಪೋಸ್ಟ್‌ಗ್ರೆಸ್ ಹಗಲು ನಿಲ್ಲಬಾರದು.

ಠಾಣೆ_ಟರ್ಮಿನಲ್:
ಮೊದಲು 'ಡಿಎಫ್ -ಎಚ್ /ಬೂಟ್' ನೋಡಿ. ಬೂಟ್ ಬೇರೆ ಪಾರ್ಟಿಷನ್ ಆಗಿ ತುಂಬಿದ್ದರೆ ಇನಿಟ್‌ರಾಮ್‌ಎಫ್‌ಎಸ್ (ಬೂಟ್ ಆಗಲು ಕರ್ನಲ್‌ಗೆ ಬೇಕಾದ ಫೈಲ್) ಬರೆಯುವಾಗಲೇ ಕೆಲಸ ಅರ್ಧಕ್ಕೆ ನಿಲ್ಲುತ್ತದೆ. 'ಆಪ್ಟ್ ಆಟೊರಿಮೂವ್ --ಪರ್ಜ್' ಬಳಕೆಯಲ್ಲಿಲ್ಲದ ಹಳೇ ಕರ್ನಲ್ ತೆಗೆಯುತ್ತದೆ, ಈಗ ಓಡುತ್ತಿರುವುದನ್ನಲ್ಲ. ಆಮೇಲೆ 'ಆಪ್ಟ್ ಅಪ್‌ಡೇಟ್', ನಂತರ 'ಆಪ್ಟ್ -ಎಸ್ ಅಪ್‌ಗ್ರೇಡ್'. ಈ '-ಎಸ್' ಬರೀ ಅಣಕು ಓಟ, ಯಾವುದನ್ನೂ ಮುಟ್ಟುವುದಿಲ್ಲ. ಪಟ್ಟಿ ಪೂರ್ತಿ ಓದಿ, ಆಮೇಲೆ '-ಎಸ್' ತೆಗೆದು ಓಡಿಸಿ.

ಪೋಸ್ಟ್‌ಗ್ರೆಸ್ ಅಪ್‌ಗ್ರೇಡ್ ಆದರೆ ಸರ್ವೀಸ್ ರೀಸ್ಟಾರ್ಟ್ ಆಗಿ ಕನೆಕ್ಷನ್‌ಗಳು ಕಡಿಯುತ್ತವೆ. ಹಗಲು ಬೇಡವಾದರೆ 'ಆಪ್ಟ್-ಮಾರ್ಕ್ ಹೋಲ್ಡ್ ಪೋಸ್ಟ್‌ಗ್ರೆಸ್‌ಕ್ಯುಎಲ್-14' ಕೊಟ್ಟು ಅದನ್ನು ತಡೆಹಿಡಿಯಿರಿ, ರಾತ್ರಿ 'ಅನ್‌ಹೋಲ್ಡ್' ಮಾಡಿ. ಮರೆತುಬಿಟ್ಟರೆ ಸೆಕ್ಯುರಿಟಿ ಪ್ಯಾಚ್ ಕೂಡ ಬರುವುದಿಲ್ಲ; 'ಆಪ್ಟ್-ಮಾರ್ಕ್ ಶೋಹೋಲ್ಡ್' ಆಗಾಗ ನೋಡುತ್ತಿರಿ.

ಕಾನ್ಫಿಗ್ ಫೈಲ್ ಬದಲಿಸಲಾ ಅಂತ ಕೇಳಿದರೆ ಸುಮ್ಮನೆ ಎಂಟರ್ ಒತ್ತಬೇಡಿ. 'ಡಿ' ಒತ್ತಿದರೆ ವ್ಯತ್ಯಾಸ ತೋರಿಸುತ್ತದೆ. 'ಎನ್' ಅಂದರೆ ನಿಮ್ಮದು ಉಳಿದು, ಹೊಸದು '.ಡಿಪಿಕೆಜಿ-ಡಿಸ್ಟ್' ಅಂತ ಪಕ್ಕದಲ್ಲಿ ಕೂರುತ್ತದೆ.

ಮಡಗಾಂವ್_ಶೆಲ್:
ಒಂದು ಸೇರಿಸುತ್ತೇನೆ. ಎಸ್‌ಎಸ್‌ಎಚ್‌ನಲ್ಲಿ, ಅಂದರೆ ದೂರದಿಂದ ಲಾಗಿನ್ ಆಗಿ ಮಾಡುವುದಾದರೆ 'ಟಿಮಕ್ಸ್' (ಸಂಪರ್ಕ ಕಡಿದರೂ ಸೆಷನ್ ಉಳಿಸುವ ಉಪಕರಣ) ಒಳಗೇ ಮಾಡಿ. ಮುಂಬೈ–ಪುಣೆ ರೈಲಿನಲ್ಲಿ ಖಂಡಾಳಾ ಘಾಟಿನ ಸುರಂಗ ಹೊಕ್ಕಾಗ ಸಿಗ್ನಲ್ ಹೋದರೂ ಅಪ್‌ಗ್ರೇಡ್ ಸರ್ವರ್‌ನಲ್ಲಿ ನಡೆಯುತ್ತಲೇ ಇರುತ್ತದೆ. 'ಟಿಮಕ್ಸ್ ಅಟ್ಯಾಚ್' ಕೊಟ್ಟು ಮತ್ತೆ ಹಿಡಿಯಬಹುದು.

ಕರೆಂಟೇ ಹೋದರೆ ಸರ್ವರ್ ಎದ್ದ ಮೇಲೆ 'ಸುಡೊ ಡಿಪಿಕೆಜಿ --ಕಾನ್ಫಿಗರ್ -ಎ', ಆಮೇಲೆ 'ಸುಡೊ ಆಪ್ಟ್ -ಎಫ್ ಇನ್‌ಸ್ಟಾಲ್'. ಬಹುಪಾಲು ಇಷ್ಟಕ್ಕೇ ಸರಿಹೋಗುತ್ತದೆ. ಏನೇನು ಬದಲಾಯಿತು ಅನ್ನುವುದು '/ವಾರ್/ಲಾಗ್/ಆಪ್ಟ್/ಹಿಸ್ಟರಿ.ಲಾಗ್'ನಲ್ಲಿ ಇರುತ್ತದೆ.

ಆಪ್ಟ್‌ಗೆ ಲಾಕ್ ಸಿಗುತ್ತಿಲ್ಲ (ಬೇರೆ ಪ್ರೋಗ್ರಾಂ ಪ್ಯಾಕೇಜ್ ಕೆಲಸ ಮಾಡುತ್ತಿದೆ) ಅಂತ ಬಂದರೆ ಲಾಕ್ ಫೈಲ್ ಅಳಿಸಲೇಬೇಡಿ, ಪ್ಯಾಕೇಜ್ ಡೇಟಾಬೇಸ್ ಕೆಡುತ್ತದೆ. ಹೆಚ್ಚಾಗಿ ಅದು ಹಿನ್ನೆಲೆಯಲ್ಲಿ ತಾನಾಗಿ ಅಪ್‌ಡೇಟ್ ಹಾಕುವ ಅನ್‌ಅಟೆಂಡೆಡ್-ಅಪ್‌ಗ್ರೇಡ್ಸ್. ಅದರ ಟೈಮರ್ ಬೆಳಿಗ್ಗೆ 6ರಿಂದ 7ರ ನಡುವೆ ಶುರು. ಸರ್ವರ್ ಗಡಿಯಾರ ಯುಟಿಸಿಯಲ್ಲಿದ್ದರೆ ನಮಗದು 11:30ರಿಂದ 12:30, ಆಫೀಸಿನ ತುಂಬು ಹೊತ್ತು. ಗಡಿಯಾರ ಯಾವ ವಲಯದಲ್ಲಿದೆ ಅಂತ 'ಟೈಮ್‌ಡೇಟ್‌ಸಿಟಿಎಲ್' ಒಮ್ಮೆ ಓಡಿಸಿ ನೋಡಿ.

ಕೋಥ್ರೂಡ್_ಕನ್ನಡಿಗ:
ಯುಟಿಸಿಯಲ್ಲೇ ಇದೆ! ಕರ್ನಲ್ ಬಿಟ್ಟು ಆರೂ ಫೇಸ್ಡ್. ಇವತ್ತು ರಾತ್ರಿ ಕರ್ನಲ್ ಹಾಕಿ ರೀಬೂಟ್ ಮಾಡುತ್ತೇನೆ.

ಠಾಣೆ_ಟರ್ಮಿನಲ್:
ರೀಬೂಟ್ ಆದಮೇಲೆ 'ಯುನೇಮ್ -ಆರ್' ಕರ್ನಲ್‌ನ ಹೊಸ ಸಂಖ್ಯೆ ತೋರಿಸುತ್ತಾ ನೋಡಿ. ಅದಾಗುವವರೆಗೆ ಇವತ್ತಿನವರೆಗೆ ಓಡುತ್ತಿದ್ದ ಕರ್ನಲ್ ತೆಗೆಯಬೇಡಿ.